ಉಳಿದ ಚೈನ್‌ಸಾ ಎಣ್ಣಿ: ಸ್ಪ್ರೇ ಆಗವಲ್ದಾಗಿತ್ತು, ಕಡೀಕೂ ಆತು

ಆತ್ರಿ, ಕಡೀಕೂ ಆತು! ಬಾಟಲಿ ಟ್ರಿಗರ್ ಒತ್ತಿದ್ರ ಈಗ ಸಣ್ಣ ಸಣ್ಣ ಹನಿ ಬರಾಕತ್ತಾವ, ಎಳಿ ಅಲ್ಲ, ಧಾರಿ ಅಲ್ಲ, ಖರೇ ಖರೇ ಸ್ಪ್ರೇ. ಡ್ರಿಲ್ ಪ್ರೆಸ್ಸಿನ ಬೀಡಿನ ಟೇಬಲ್ ಮ್ಯಾಲೆ, ಗರಗಸದ ಹಲ್ಲಿನ ಸಂದ್ಯಾಗ, ವೈಸಿನ ಥ್ರೆಡ್ ಒಳಗ, ಎಲ್ಲಾ ಕಡೆ ಒಂದೇ ಸಮ ಕುಂತೈತಿ. ಇಷ್ಟಕ್ಕ ಇಂವಾ ಇಷ್ಟ್ಯಾಕ ಕುಣಿತಾನ ಅನ್ನಬ್ಯಾಡ್ರಿ, ಮಳಿಗಾಲ ಪೂರ್ತಿ ಇದ ಒಂದರ ಸಲುವಾಗಿ ತಲಿ ಕೆಡಿಸ್ಕೊಂಡೇನಿ.

ಹಲಸಿನ ದಿಮ್ಮಿ ಸೀಳಿದ್ದು, ಹಲಗಿ ತುದಿಗೆ ಮೇಣ ಬಡದು ಒಣಗಾಕ ಒಟ್ಟಿದ್ದು ಎಲ್ಲಾ ಬಿಡ್ರಿ, ಅದರಾಗ ಹೊಸಾದೇನೂ ಇಲ್ಲ. ಕೆಲಸ ಮುಗದಮ್ಯಾಲೆ ಚೈನ್‌ಸಾ ಹಳಿಯಾಳದ ಕಾಕಾಗ ಕೊಟ್ಟುಬಿಟ್ಟೆ, ಗೋವಾದ ವಾಸ್ಕೋದಾಗಿನ ಬಾಡಿಗಿ ಮನ್ಯಾಗ ಅದನ್ನ ಇಟ್ಕೊಂಡು ಏನ್ ಮಾಡ್ಲಿ. ಅಂವಾ ಗರಗಸ ಒಯ್ದ, ಅದರ ಚೈನಿಗೆ ಹಾಕೂ ಎಣ್ಣಿ, ಅಂದ್ರ ಬಾರ್ ಆಯಿಲ್, ಮಾತ್ರ ಬ್ಯಾಡ ಅಂದ. "ನಮ್ಮಲ್ಲಿ ಟ್ರ್ಯಾಕ್ಟರಿನ ಸುಟ್ಟೆಣ್ಣಿ ರಗಡ ಐತಿ ತಮ್ಮಾ, ಅದನ್ನ ಹಾಕ್ತೀನಿ." ಸುಟ್ಟೆಣ್ಣ್ಯಾಗ ಲೋಹದ ಪುಡಿ ಇರ್ತೈತಿ, ಚೈನ್ ಸುತ್ತೋ ಉದ್ದನ ಪಟ್ಟಿ, ಅಂದ್ರ ಬಾರ್, ಸವೀತೈತಿ, ಆ ಎಣ್ಣಿ ಎಲ್ಲಾ ಮೈಮ್ಯಾಲೆ ಮಣ್ಣಿನ್ಯಾಗ ಸಿಡೀತೈತಿ ಅಂತ ಎಷ್ಟ್ ಹೇಳಿದ್ರೂ ಕೇಳಲಿಲ್ಲ. ಹಿಂಗಾಗಿ ಐದು ಲೀಟರಿನ ಕ್ಯಾನ್ ಹೆಚ್ಚೂಕಡಿಮಿ ತುಂಬೇ ಉಳೀತು.

ಐದು ಲೀಟರ್ ಯಾಕ ತಗೊಂಡಿ ಅಂತ ಕೇಳ್ಬ್ಯಾಡ್ರಿ. ಒಂದು ಲೀಟರ್ ಕೇಳಿದ್ರ ಅಂಗಡಿಯಂವ ಇಲ್ಲ ಅಂದ, ಇನ್ನೊಬ್ಬಾಂವ ಟೂ-ಟಿ ಎಣ್ಣಿ ಕೈಯಾಗ ಇಟ್ಟು "ಎಲ್ಲಾ ಒಂದ ಅದು" ಅಂದ. ಒಂದ ಏನ್ ಮಣ್ಣು! ಟೂ-ಟಿ ಪೆಟ್ರೋಲಿನ ಜೋಡಿ ಸುಟ್ಟುಹೋಗಾಕ ಇರೋದು, ಬಾರ್ ಆಯಿಲ್ ಚೈನಿಗೆ ಅಂಟ್ಕೊಂಡು ಕೂಡಾಕ ಇರೋದು. ಇವನ ಮಾತ್ ಕೇಳಿ ಯಾರಾದ್ರೂ ಬಾರ್ ಆಯಿಲ್ ಪೆಟ್ರೋಲಿನ್ಯಾಗ ಕಲಸಿದ್ರ ಇಂಜಿನ್ ಗತಿ ಏನ್ರಿ. ಮೂರನೇ ಅಂಗಡ್ಯಾಗ ಐದು ಲೀಟರ್ ಸಿಕ್ತು, ಮುಚ್ಚಳದ ಸೀಲ್ ಹರದಿತ್ತು, ರೇಟ್ ಮಾತ್ರ ಹೊಸಾದ್ರದು.

ಉಳಿದ ಎಣ್ಣಿ ಎಲ್ಲೆಲ್ಲಿ ಹಾಕಬಹುದು ಅಂತ ಮೊದಲು ಸುಮ್ನ ಹಾಕ್ಕೋತ ಹೋದೆ. ಗೇಟಿನ ಬಿಜಾಗ್ರಿಗೆ ಚೊಲೋ, ಕಿರ್ ಕಿರ್ ನಿಂತ್ತು, ಮಳಿಗೂ ತೊಳದು ಹೋಗಲಿಲ್ಲ. ಆದ್ರ ವಾಸ್ಕೋದಾಗ ಕರೀ ಧೂಳು ಎಷ್ಟು ಅಂತ ಇಲ್ಲಿರೋ ಮಂದಿಗೆ ಗೊತ್ತೈತಿ, ಅದೆಲ್ಲಾ ಆ ಎಣ್ಣಿಗೆ ಹತ್ತಿ ಬಿಜಾಗ್ರಿ ಸುತ್ತ ಡಾಂಬರ್ ಆಗೇತಿ, ಬಿಳೀ ಅಂಗಿ ಹಾಕ್ಕೊಂಡು ಗೇಟಿಗೆ ತಾಗಂಗಿಲ್ಲ. ಸೈಕಲ್ ಚೈನಿಗೆ ಹಚ್ಚಬ್ಯಾಡ್ರಿ, ಬೈನಾ ಬೀಚಿನ ಕಡೆ ಒಂದ್ ಸುತ್ತು ಹೊಡದ್ರ ಉಸುಕು ಹತ್ತಿ ಚೈನ್ ತಾನ ತನ್ನ ತಿನ್ನಾಕ ಶುರು ಮಾಡ್ತೈತಿ. ಕೀಲಿ ಒಳಗಂತೂ ಬ್ಯಾಡ, ಪಿನ್ ಅಂಟ್ತಾವ, ಅದಕ್ಕ ಗ್ರಾಫೈಟ್ ಪುಡಿನ ಬೇಕು. ಉಳಿ ಮಸಿಯೋ ಕಲ್ಲಿಗೆ ಭಾಳ ದಪ್ಪ. ಎಂ.ಎಸ್. (ಸಾದಾ ಉಕ್ಕಿನ) ಪಟ್ಟಿ ನಿಧಾನ ಡ್ರಿಲ್ ಮಾಡೂ ಮುಂದ ಎರಡ್ ಹನಿ ಬಿಟ್ರ ನಡೀತೈತಿ, ಹೊಗಿ ಬರ್ತೈತಿ ಅಷ್ಟ. ಬಾಜೂದವ್ರು ಬಾವಿ ಗಡಗಡಿಗೆ ಒಂದ್ ಚೂರು ಕೊಡ್ರಿ ಅಂದ್ರು, ಕೊಡಲಿಲ್ಲ, ಕುಡಿಯೋ ನೀರಿನ್ಯಾಗ ತೊಟ್ಟಿಕ್ಕಿದ್ರ ಯಾರ್ ಕೇಳ್ಬೇಕು.

ಇವೆಲ್ಲಾ ಕೂಡಿ ಒಂದ್ ಚಮಚ ಖರ್ಚಾತು. ಲೀಟರ್‌ಗಟ್ಲೆ ಹೋಗಬೇಕಂದ್ರ ಒಂದ ದಾರಿ, ಜಂಗು ತಡಿಯೋ ಎಣ್ಣಿ ಮಾಡೂದು. ಗೋವಾದಾಗ ಜೂನ್‌ದಿಂದ ಸಪ್ಟೆಂಬರ್ ತನಕ ಹತ್ತಿರಹತ್ತಿರ 3000 ಮಿಲಿಮೀಟರ್ ಮಳಿ, ಅದರ ಮ್ಯಾಲೆ ಸಮುದ್ರದ ಉಪ್ಪು ಗಾಳಿ. ಧಾರವಾಡದಾಗ ನಮ್ಮಪ್ಪನ ರಂಧಾ ವರ್ಷಗಟ್ಲೆ ಗೂಡಿನ್ಯಾಗ ಬಿದ್ದಿದ್ರೂ ಮಿಂಚತಿತ್ತು, ಅದನ್ನ ಇಲ್ಲಿಗೆ ತಂದು ರಾತ್ರಿ ಬೆಂಚಿನ ಮ್ಯಾಲೆ ಬಿಟ್ರ ಮುಂಜಾನಿಗೆ ನನ್ನ ಬೆರಳಿನ ಗುರುತು ಕೆಂಪಗ ಮೂಡಿರ್ತಾವ. ಅರಿವಿಲೆ ಒರಸಬಹುದು, ಖರೆ. ಆದ್ರ ಬ್ಯಾಂಡ್‌ಸಾ ಬ್ಲೇಡು, ಡ್ರಿಲ್ ಚಕ್ಕು, ಅರದ ಹಲ್ಲು, ಇವನ್ನೆಲ್ಲಾ ಅರಿವಿಲೆ ಒರಸಾಕ ಹೋದ್ರ ಅರಿವಿನ ಅಲ್ಲೇ ಉಳೀತೈತಿ. ಸ್ಪ್ರೇನ ಬೇಕು.

ಇಲ್ಲೇ ನೋಡ್ರಿ ಗ್ರಹಚಾರ ಶುರುವಾಗಿದ್ದು.

ಎಣ್ಣಿ ದಪ್ಪ, ತೆಳು ಮಾಡಿದ್ರ ಆತು, ಇದರಾಗೇನೈತಿ ಅಂತ ಎಲ್ಲರೂ ಅನ್ಕೋತಾರ. ಸೀಮೆಎಣ್ಣಿ ಈಗ ದಿಕ್ಕಿಲ್ಲ, ಪೇಂಟ್ ಅಂಗಡಿ ಮಿನರಲ್ ಟರ್ಪೆಂಟೈನ್ ತಂದು ಅರ್ಧಕ್ಕರ್ಧ ಕಲಸಿದೆ. ಒತ್ತಿದ್ರ ಬಾಟಲಿಂದ ಒಂದು ಎಳಿ ಹೊಂಟು ಗ್ವಾಡಿ ತನಕ ಹೋಗಿ ಅಲ್ಲೇ ಜೋತು ಬಿತ್ತು. ಇನ್ನೂ ಟರ್ಪೆಂಟೈನ್ ಹಾಕಿದೆ, ನೀರಿನಷ್ಟು ತೆಳುವಾತು, ಎಳಿ ಮಾತ್ರ ಹಂಗ, ಇನ್ನೂ ಉದ್ದ! ನಾಜಲ್ ದೋಷ ಇರಬೇಕಂತ ಆನ್‌ಲೈನ್‌ನ್ಯಾಗ "ಹೆವಿ ಡ್ಯೂಟಿ" ಬಾಟಲಿ ತರಸಿದೆ, ಮೂರರ ಸೆಟ್ಟು, ಒಂದು ಬರೂ ಮುಂದ ಒಡದಿತ್ತು, ಒಂದರ ಟ್ರಿಗರ್ ಸ್ಪ್ರಿಂಗೇ ಇರಲಿಲ್ಲ, ಉಳದಿದ್ದೊಂದು ಅದ ಎಳಿ ಇನ್ನೂ ಜೋರಾಗಿ ಬಿಟ್ತು. ವಾಪಸ್ ತಗೋರಿ ಅಂದ್ರ ಒಡದ ಬಾಟಲಿ ಫೋಟೋ ಕಳಸು, ಡಬ್ಬಿ ಫೋಟೋ ಕಳಸು, ಡಬ್ಬಿ ಒಳಗ ಬಾಟಲಿ ಇದ್ದ ಫೋಟೋ ಕಳಸು, ಕಡೀಕೆ ನಾನ ಬ್ಯಾಸತ್ತು ಬಿಟ್ಟೆ. ಎಣ್ಣಿ ಬಿಸಿ ಮಾಡಿದೆ, ಅದಕ್ಕೂ ಜಗ್ಗಲಿಲ್ಲ.

ಯಾಕ ಅಂತ ಕುಂತು ವಿಚಾರ ಮಾಡಿದಾಗ ತಿಳೀತು, ಇದು ದಪ್ಪದ ಪ್ರಶ್ನೆನ ಅಲ್ಲ. ಚೈನು ಸೆಕೆಂಡಿಗೆ ಹತ್ತಿರಹತ್ತಿರ 20 ಮೀಟರ್ ಓಡ್ತೈತಿ, ಸಾದಾ ಎಣ್ಣಿ ಆದ್ರ ಬಾರಿನ ತುದಿಗೆ ತಿರುಗೂ ಮುಂದ ಹಾರಿ ಹೋಗ್ತೈತಿ. ಅದಕ್ಕ ಟ್ಯಾಕಿಫೈಯರ್ ಅಂತ ಅಂಟು ಹೆಚ್ಚಿಸೋ ಮಾಲು ಹಾಕ್ತಾರ, ಸಾಮಾನ್ಯವಾಗಿ ಪಾಲಿಐಸೋಬ್ಯುಟಿಲೀನ್, ಭಾಳ ಅಂದ್ರ ಭಾಳ ಉದ್ದ ಸರಪಳಿಯ ಪಾಲಿಮರ್. ಇನ್ನ ಸ್ಪ್ರೇ ಅಂದ್ರೇನು, ಧಾರಿ ಒಂದ್ ಕಡೆ ಸಣ್ಣಾಗಿ ಅಲ್ಲೇ ಹರದು ಹನಿ ಆಗೂದು. ಈ ಎಣ್ಣ್ಯಾಗ ಧಾರಿ ಸಣ್ಣಾದಲ್ಲೆಲ್ಲಾ ಆ ಸರಪಳಿ ಎಳದು ನೆಟ್ಟಗಾಗಿ ಬಿಗಿ ಹಿಡೀತಾವ, ಹರಿಯಾಕ ಬಿಡೂದಿಲ್ಲ. ವರ್ಕ್‌ಶಾಪಿನ್ಯಾಗ ಕಟಿಂಗ್ ಆಯಿಲ್ ಹನಿಯಾಗಿ ಗಾಳ್ಯಾಗ ಹಾರಿ ಮಂದಿ ಎದಿ ಒಳಗ ಹೋಗಬಾರದಂತ ಇದನ್ನ ಬೇಕಂತಲೇ ಕಲಸ್ತಾರ. ಅಂದ್ರ ಹನಿ ಆಗಬ್ಯಾಡ ಅಂತ ಹಾಕಿದ ಮಾಲು ಹಿಡ್ಕೊಂಡು ನಾ ಹನಿ ಆಗು ಹನಿ ಆಗು ಅಂತ ಬಡಕೊಳ್ಳಾಕತ್ತಿದ್ದೆ. ಟರ್ಪೆಂಟೈನ್ ಹಾಕಿದ್ರ ಎಣ್ಣಿ ತೆಳುವಾಗ್ತೈತಿ, ಸರಪಳಿ ಉದ್ದ ಕಡಿಮಿ ಆಗೂದಿಲ್ಲಲ್ಲ.

ಸರಪಳಿ ಕಡೀಬೇಕು. ಹೆಂಗ? ಉತ್ತರ ನನ್ನ ಬೈಕಿನ್ಯಾಗ ಇತ್ತು. 20ಡಬ್ಲ್ಯು-50 ಇಂಜಿನ್ ಎಣ್ಣಿ ಹಾಕಿ ಮೂರ್ನಾಕು ಸಾವಿರ ಕಿಲೋಮೀಟರ್ ಓಡಿಸಿದ್ಮ್ಯಾಲೆ ಗೇರು ಖಟ್ ಖಟ್ ಅನ್ನಾಕ ಶುರುವಾಗ್ತೈತಲ್ಲ, ಯಾಕಂದ್ರ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದ ಎಣ್ಣಿ, ಗೇರಿನ ಹಲ್ಲು ಎಣ್ಣ್ಯಾಗಿನ ಪಾಲಿಮರ್ ಅರದು ತುಂಡು ಮಾಡ್ತಾವ, ಶಿಯರ್ ಆಗೂದು ಅಂತಾರ. ಅದನ್ನ ಇಲ್ಲಿ ಬೇಕಂತಲೇ ಮಾಡಿದ್ರ?

ಮೊದಲು ಡ್ರಿಲ್ಲಿಗೆ ಪೇಂಟ್ ಕಲಸೋ ರಾಡ್ ಹಾಕಿ ತಿರುವಿದೆ. ಪಾಲಿಐಸೋಬ್ಯುಟಿಲೀನ್ ದ್ರಾವಣ ತಿರುಗೋ ಸರಳು ಹಿಡಕೊಂಡು ಮ್ಯಾಲೆ ಏರ್ತೈತಂತ, ವೈಸೆನ್‌ಬರ್ಗ್ ಎಫೆಕ್ಟ್ ಅಂತ ಹೆಸರು, ಅದನ್ನರ ನೋಡೂಣು ಅಂತ ಮೊಬೈಲ್ ಹಿಡಕೊಂಡು ಕಾದೆ, ಏರಲೂ ಇಲ್ಲ, ಎಳಿ ಹರೀಲೂ ಇಲ್ಲ. ಬಾರ್ ಆಯಿಲಿನ್ಯಾಗ ಪಾಲಿಮರ್ ಪ್ರಮಾಣ ಕಡಿಮಿ, ಡ್ರಿಲ್ಲಿನ ಸ್ಪೀಡೂ ಕಡಿಮಿ. ಸ್ಪೀಡ್ ಅಂದ್ರ ಮನ್ಯಾಗ ಒಂದ ಯಂತ್ರ, ಮಿಕ್ಸಿ! ಹಳೇದೊಂದು ಮಾಳಗಿ ಮ್ಯಾಲೆ ಇತ್ತು, ಬ್ಲೇಡಿನ ಮೂಲಿ ಮುರದ ಚಟ್ನಿ ಜಾರಿನ ಸಮೇತ. ಕೆಳಗ ಇಳಸೂದ ತಡ ನಮ್ಮ ಮನಿಯಾಕಿ ಬಾಗಲದಾಗ ನಿಂತ್ಲು, "ಆ ಜಾರು ಮತ್ತ ಅಡಗಿಮನಿ ಹೊಸ್ತಿಲ ದಾಟ್ತಂದ್ರ ನಿಮ್ಮನ್ನೂ ದಾಟಾಕ ಬಿಡೂದಿಲ್ಲ ನೋಡ್ರಿ". ಜಾರಿನ ಮ್ಯಾಲೆ ಕೆಂಪು ಪೇಂಟಿಲೆ ವಿಷ ಅಂತ ಬರದೇನಿ, ನೀವೂ ಬರೀರಿ, ಇದು ನಗೂ ಮಾತಲ್ಲ.

ಜಾರಿನ್ಯಾಗ ಅರ್ಧ ಮಟ ಬರೇ ಎಣ್ಣಿ, ಟರ್ಪೆಂಟೈನ್ ಹಾಕಬಾರದು, ಇದನ್ನ ಎರಡೆರಡು ಸಲ ಓದ್ರಿ. ಮಿಕ್ಸಿ ಮೋಟಾರಿನ ಬ್ರಷ್‌ದಾಗ ಕಿಡಿ ಹಾರ್ತಾವ, ಟರ್ಪೆಂಟೈನ್ ಆವಿ ಬಾಜೂಕ ಇದ್ರ ಸ್ಪ್ರೇ ಅಲ್ಲ, ಹೋಳಿ ಹುಣ್ಣಿಮಿ ಆಗ್ತೈತಿ. ಅಲ್ಲದ ದಪ್ಪ ಇದ್ದಾಗನ ಬ್ಲೇಡಿನ ಪೆಟ್ಟು ಸರಪಳಿಗೆ ಜೋರು ಬೀಳ್ತೈತಿ, ಹಿಂಗಾಗಿ ಬರೇ ಎಣ್ಣಿ ತಿರುವೂದ ಎರಡೂ ಕಡಿಂದ ಚೊಲೋ. ಅರ್ಧ ನಿಮಿಷ ಓಡಸೂದು, ಜಾರು ಬಿಸಿ ಆದ್ರ ಬಿಡೂದು, ಮತ್ತ ಓಡಸೂದು. ಆತೋ ಇಲ್ಲೋ ನೋಡಾಕ ಯಂತ್ರ ಬ್ಯಾಡ, ಉಂಡಿ ಪಾಕ ನೋಡಿದಂಗ ಹೆಬ್ಬೆರಳು ತೋರಬೆರಳಿನ ನಡುವ ಒಂದ್ ಹನಿ ಹಿಡದು ಎಳೀರಿ. ಕ್ಯಾನಿನ ಎಣ್ಣಿ ಬೆರಳು ಪೂರಾ ಅಗಲಿಸಿದ್ರೂ ಎಳಿ ಬಿಡೂದಿಲ್ಲ, ತಿರುವಿದ್ದು ತಿರುವಿದಂಗ ಆ ಎಳಿ ಗಿಡ್ಡ ಆಕ್ಕೋತ ಬಂತು, ಕಡೀಕೆ ಬೆರಳು ಚೂರು ಸರಿಸಿದ್ರ ಪಟ್ ಅಂತ ಹರೀಯಾಕತ್ತು. ಆವಾಗ ನಿಲ್ಲಸ್ರಿ. ಬುರುಗು ಭಾಳ ಬರ್ತೈತಿ, ಒಂದ್ ರಾತ್ರಿ ಬಿಟ್ರ ಇಳೀತೈತಿ.

ಆಮ್ಯಾಲೆ ಹಿತ್ತಲದಾಗ, ಬಯಲಾಗ, ಕೈಲೆ ಕಲಸ್ರಿ, ಒಂದು ಪಾಲು ಎಣ್ಣಿ, ಎರಡು ಪಾಲು ಟರ್ಪೆಂಟೈನ್. ಹೊಡದಮ್ಯಾಲೆ ಟರ್ಪೆಂಟೈನ್ ಹಾರಿ ಹೋಗಿ ತೆಳ್ಳನ ಎಣ್ಣಿ ಪದರ ಉಳೀತೈತಿ. ಹೊಡಿಯೋಕಿಂತ ಮೊದಲು ಕೈ ಬೆವರು ಒರಸೂದು ಮರೀಬ್ಯಾಡ್ರಿ, ಬೆವರಿನ ಉಪ್ಪಿನ ಮ್ಯಾಲೆ ಎಣ್ಣಿ ಬಿದ್ರ ಜಂಗು ಎಣ್ಣಿ ಕೆಳಗ ಆರಾಮ ಬೆಳೀತೈತಿ.

ಎಲ್ಲಾ ಎಣ್ಣಿ ಹಿಂಗ ಕಡೀಬ್ಯಾಡ್ರಿ ಮತ್ತ. ಒಂದು ಲೀಟರ್ ನಾ ಹಂಗ ಎಳಿ ಸಮೇತ ತೆಗದಿಟ್ಟೇನಿ, ಯಾಕಂದ್ರ ಮುಂದಿಂದು ಜೋಕಾಲಿ. ಆ ಹಲಸಿನ ಹಲಗಿ ಒಣಗಿದ್ಮ್ಯಾಲೆ ಪಡಸಾಲ್ಯಾಗ ಹಾಕೂದು, ಹಿತ್ತಾಳಿ ಸರಪಳಿ ಬ್ಯಾಡ, ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ರಾಡು, ಮ್ಯಾಲೆ ಕೊಕ್ಕಿಗೆ ಗನ್‌ಮೆಟಲ್ ಬುಶ್. ನಿಧಾನ ತೂಗ್ತೈತಿ, ಭಾರ ಇರ್ತೈತಿ, ತಲಿ ಮ್ಯಾಲೆ ಇರೂದ್ರಿಂದ ತೊಟ್ಟಿಕ್ಕಬಾರದು, ಬಾರ್ ಆಯಿಲ್ ಹುಟ್ಟಿದ್ದ ಇಂಥಾ ಕೆಲಸಕ್ಕ ಅನಸ್ತೈತಿ. ಕೊಕ್ಕಿ ಸ್ಲ್ಯಾಬಿನ್ಯಾಗ ಹೆಂಗ ಕೂಡಸೂದು ಅನ್ನೂದು ಬ್ಯಾರೆ ಕತಿ, ಮನಿ ಮಾಲಕರಿಗೆ ಇನ್ನೂ ಹೇಳಿಲ್ಲ.

ಮತ್ತ ಜಂಗಿನ ಕಡೆ ಬರೂಣು. ಎಂ.ಎಸ್. ಪಟ್ಟಿ ತುಂಡು ಮಾಡಿ ವರಾಂಡಾದಾಗ ತಂತಿಗೆ ಜೋತು ಬಿಟ್ಟಿದ್ದೆ. ಏನೂ ಹಚ್ಚಲಾರದ್ದು ಮರುದಿನ ಮುಂಜಾನೆನ ಕೆಂಪು. ಕೊಬ್ಬರಿಎಣ್ಣಿ ಹಚ್ಚಿದ್ದಕ್ಕ ಜಂಗಿಗಿಂತ ಮೊದಲು ಇರುವಿ ಬಂದ್ವು. ಕ್ಯಾನಿನ ಎಣ್ಣಿ ಹಂಗ ಬಳದದ್ದು ಜಂಗು ತಡೀತು, ಆದ್ರ ಧೂಳು ಕುಂತು ಪಟ್ಟಿ ಕರಿಯಾಗಿ ಕೈ ಹಚ್ಚಂಗಿಲ್ಲ. ಮಿಕ್ಸಿ ಎಣ್ಣಿ ಸ್ಪ್ರೇ ಹೊಡದದ್ದು ಸ್ವಚ್ಛ ಐತಿ, ಜಂಗಿಲ್ಲ, ಆದ್ರ ಇರಚಲು ನೀರು ನೇರ ಬಡದ ತುದಿಗೆ ಸಣ್ಣ ಸಣ್ಣ ಚುಕ್ಕಿ ಎದ್ದಾವ. ಇದು ಆಗೂದ. ಖರೇ ಜಂಗ್‌ರೋಧಕ ಎಣ್ಣ್ಯಾಗ ಸಲ್ಫೋನೇಟ್ ಅಂಥಾ ಪೋಲಾರ್ ಮಾಲು ಇರ್ತೈತಿ, ಅದು ಲೋಹಕ್ಕ ಹತ್ತಿ ನೀರನ್ನ ಒಳಗ ಬಿಡೂದಿಲ್ಲ. ಬಾರ್ ಆಯಿಲಿಗೆ ಆ ಶಕ್ತಿ ಇಲ್ಲ, ಮ್ಯಾಲೆ ಮುಚ್ಚಿ ಕೂಡ್ತೈತಿ ಅಷ್ಟ. ಸೂರಿನ ಕೆಳಗಿನ ಸಾಮಾನಿಗೆ ಸಾಕು, ಮಳ್ಯಾಗ ನಿಲ್ಲೋ ಗುದ್ದಲಿಗೆ ಸಾಲೂದಿಲ್ಲ.

ಅದಕ್ಕ ಲ್ಯಾನೊಲಿನ್ ಹುಚ್ಚು ಹಿಡದೈತಿ. ಕುರಿ ಉಣ್ಣೆಯ ಜಿಡ್ಡು, ಲೋಹಕ್ಕ ಗಟ್ಟಿ ಹಿಡೀತೈತಿ, ಒಂದಿಷ್ಟು ಈ ಮಿಕ್ಸಿ ಎಣ್ಣ್ಯಾಗ ಕಲಸಿದ್ರ ಗುದ್ದಲಿನೂ ಉಳೀಬಹುದು. ಅಂಗಡ್ಯಾಗ ಸಿಗೂದು ಸೌಂದರ್ಯದ ಡಬ್ಬಿ ರೇಟಿನ್ಯಾಗ, ಹಿಂಗಾಗಿ ತೊಳೀಲಾರದ ಉಣ್ಣೆ ಕುದಿಸಿ ನಾನ ತೆಗೀಬೇಕಂತೇನಿ. ನಮ್ಮ ದಖನಿ ಕುರಿ ಕೂದಲಾ ಬಿರಸು, ಮೆರಿನೋದಷ್ಟು ಜಿಡ್ಡು ಇರೂದಿಲ್ಲ, ಅದಕ್ಕ ಚೀಲಗಟ್ಲೆ ಬೇಕಾಗ್ತೈತಿ. ಮನಿಯಾಕಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನೊಂದು, ಟರ್ಪೆಂಟೈನ್ ಬಾಟಲ್ಯಾಗ ಹಂಗ ಬಿಟ್ರ ಟ್ರಿಗರ್ ಒಳಗಿನ ರಬ್ಬರ್ ಉಬ್ಬಿ ಜಾಮ್ ಆಗ್ತೈತಿ, ಕೆಲಸ ಮುಗದ ಕೂಡ್ಲೆ ಖಾಲಿ ಮಾಡಿ ಇಡ್ರಿ. ಹಿಂಗ ಉಬ್ಬಲಾರದ ನೈಟ್ರೈಲ್ ರಬ್ಬರಿನ ವಾಷರ್ ಇರೋ ಬಾಟಲಿ ವಾಸ್ಕೋ, ಮಡಗಾವ್ ಕಡೆ ಎಲ್ಲಾದ್ರೂ ಸಿಕ್ರ ಹೇಳ್ರಿ. ಹಂಗ ಕಂಬಳಿ ನೇಯೋ ಊರಿನ ಕಡ್ಯಾವ್ರು ಯಾರಾದ್ರೂ ಇದ್ರ, ಕತ್ತರಿಸಿದ್ದು ತೊಳೀಲಾರದ ಉಣ್ಣೆ ಒಂದ್ ಚೀಲಕ್ಕ ಏನ್ ರೇಟ್ ಐತಿ ಕೇಳ್ರಿ, ಹುಬ್ಬಳ್ಳಿಯಿಂದ ರೈಲಿನ್ಯಾಗ ನಾನ ಹೊತ್ಕೊಂಡ್ ಬರ್ತೀನಿ, ವಾಸನಿಗೆ ಡಬ್ಬಿ ಮಂದಿ ಬೈದ್ರ ಬೈಲಿ.