ಬರ್ಚ್ ಆಸೆ, ಎರೆಮಣ್ಣಿನ ಅಂಗಳ

ಗೇಟಿನ ಪಕ್ಕ ನೆಟ್ಟಗೆ ನಿಲ್ಲುವ, ಬಿಳಿ ಕಾಂಡದ ಬರ್ಚ್ ಹಚ್ಚಬೇಕು ಅನ್ನುವ ವಿಜಯಪುರ, ಬಾಗಲಕೋಟೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ರೊಕ್ಕ ಕೊಟ್ಟು ಆ ಸಸಿ ತರಬೇಡಿ.

ಬರ್ಚ್ ತಂಪು ಸೀಮೆಯ ಮರ. ನಮ್ಮ ದೇಶದ್ದೇ ಬರ್ಚ್ ಅಂದರೆ ಭೂರ್ಜ, ಹಿಮಾಲಯದಲ್ಲಿ 3,000 ಮೀಟರಿಗೂ ಮೇಲೆ ಬೆಳೆಯುತ್ತದೆ. ಅಡ್ಡಗೆರೆಗಳಿರುವ ಅದರ ತೊಗಟೆ ಹಾಳೆ ಹಾಳೆಯಾಗಿ ಸುಲಿದು ಬರುತ್ತದೆ. ಕಾಶ್ಮೀರದಲ್ಲಿ ಹಿಂದೆ ಅದರ ಮೇಲೇ ಗ್ರಂಥ ಬರೆಯುತ್ತಿದ್ದರು. ಬರ್ಚಿನ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಆ ಮಣ್ಣು ಸದಾ ತಂಪಾಗಿ, ತುಸು ಹುಳಿಯಾಗಿ ಇರಬೇಕು. ನಮ್ಮ ಎರೆಯಲ್ಲಿ, ಅಂದರೆ ಕಪ್ಪುಮಣ್ಣಿನಲ್ಲಿ, ಸುಣ್ಣದಂಶ ಹೆಚ್ಚು, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 8 ದಾಟುವುದು ಸಾಮಾನ್ಯ. ಬೇಸಿಗೆಯ ಬಿಸಿಲು 40 ಡಿಗ್ರಿ ಮೀರುತ್ತದೆ. ನೀರು ಎಷ್ಟು ಹಾಕಿದರೂ ಬದುಕದು.

ಬಿಳಿ ಕಾಂಡವೇ ಬೇಕು, ಬೆಳಗಾವಿ ಕಡೆಯ ಕೆಂಪು ಮಣ್ಣು ಇದೆ, ಜಾಗವೂ ದೊಡ್ಡದು ಅಂದರೆ ನಿಂಬೆವಾಸನೆಯ ನೀಲಗಿರಿ ಆದೀತು. ಮನೆಯಿಂದ, ಕರೆಂಟಿನ ತಂತಿಯಿಂದ 10 ಮೀಟರ್ ದೂರ ಇರಲಿ. ದೊಡ್ಡ ಟೊಂಗೆ ಹೇಳದೆ ಕೇಳದೆ ಮುರಿದು ಬೀಳುತ್ತದೆ.

ಸಣ್ಣ ಅಂಗಳಕ್ಕೆ ಆಕಾಶಮಲ್ಲಿಗೆಯೇ ಸರಿ. ತೊಗಟೆ ಬಿಳಿಯದಲ್ಲ, ಬೂದುಬಣ್ಣದ ಬೆಂಡಿನಂಥದ್ದು. ಆದರೆ ಮರ ಸಪೂರವಾಗಿ ಮೇಲೇರುತ್ತದೆ. ಉದ್ದ ಕೊಳವೆಯ ಬಿಳಿ ಹೂ ರಾತ್ರಿ ಅರಳಿ, ಬೆಳಗಾಗುವುದರೊಳಗೆ ನೆಲದ ತುಂಬ ಉದುರಿ ಘಮಘಮಿಸುತ್ತದೆ.

ಎರೆಯಲ್ಲಿ ಕೆಡುವುದು ತಗ್ಗು ತೋಡುವಾಗಲೇ. ಆಳವಾಗಿ ತೋಡಿ, ಬರೀ ಗೊಬ್ಬರದ ಸಡಿಲ ಮಣ್ಣು ತುಂಬಿದರೆ ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ, ಹೊರಗೆ ಹೋಗಲು ದಾರಿಯಿಲ್ಲ, ಬೇರು ಕೊಳೆಯುತ್ತದೆ. 2 ಅಡಿ ಆಳ, 3 ಅಡಿ ಅಗಲ ಸಾಕು. ಸಲಿಕೆ ತಾಗಿ ನುಣುಪಾದ ಗೋಡೆಯನ್ನು ಹಾರೆಯಿಂದ ಕೆರೆಯಿರಿ, ಇಲ್ಲದಿದ್ದರೆ ಬೇರು ಒಳಗೇ ಸುತ್ತುತ್ತದೆ. ತೆಗೆದ ಮಣ್ಣು ಎರಡು ಪಾಲು, ಗರಸು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಕಲಸಿ ತುಂಬಿ, ನೆಲದಿಂದ ಅರ್ಧ ಅಡಿ ದಿಬ್ಬ ಮಾಡಿ ಅದರ ಮೇಲೆ ಸಸಿ ಕೂಡಿಸಿ. ಮುಂಗಾರಿನ ಮೊದಲ ಹದ ಮಳೆ ಆದಮೇಲೆ ಹಚ್ಚುವುದು ಉತ್ತಮ. ಕಾಂಪೌಂಡ್ ಗೋಡೆಯಿಂದ, ಸಂಡಾಸದ ಗುಂಡಿಯಿಂದ 10 ಅಡಿ ಬಿಡಿ.

ಮೊದಲ ಎರಡು ಬೇಸಿಗೆ ನಾಲ್ಕು ದಿನಕ್ಕೊಮ್ಮೆ 15–20 ಲೀಟರ್ ನೀರು. ಹಾಕುವ ಮುಂಚೆ ಮಣ್ಣಿನಲ್ಲಿ ಒಂದು ಗೇಣು ಕೈಯಾಡಿಸಿ ನೋಡಿ. ಅಂಟಿದರೆ ಆವತ್ತು ಬೇಡ. ಎರೆ ಬಿರಿಯಲು ಬಿಡಬಾರದು, ಬಿರುಕು ಎಳೆಬೇರನ್ನು ಹರಿಯುತ್ತದೆ. ಜೋಳದ ಕಣಿಕೆ ಕತ್ತರಿಸಿ ನಾಲ್ಕು ಬೆರಳು ದಪ್ಪ ಹೊದಿಸಿ, ಬುಡಕ್ಕೆ ಮಾತ್ರ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ನೀರಿನ ಕೊರತೆಯಲ್ಲ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಬೇರಿಗೆ ಸಿಗುತ್ತಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ.

ಆಕಾಶಮಲ್ಲಿಗೆಯ ಕಟ್ಟಿಗೆ ಮೆದು, ಗಾಳಿಗೆ ಮುರಿಯುತ್ತದೆ. ತುದಿ ಎರಡಾಗಿ ಕವಲೊಡೆದರೆ ಎಳೆಯದಾಗಿರುವಾಗಲೇ ಒಂದನ್ನು ಕತ್ತರಿಸಿ. ಬೇರಿನಿಂದ ಏಳುವ ಮರಿಗಳನ್ನು ಮಳೆಗಾಲದಲ್ಲಿ ಬೇರು ಸಮೇತ ಅಗೆದು ತೆಗೆಯಿರಿ; ನಮ್ಮಲ್ಲಿ ಈ ಮರ ಕಾಯಿ ಕಟ್ಟುವುದು ಅಪರೂಪ, ಹೊಸ ಸಸಿಗೆ ಆ ಮರಿಗಳೇ ಆಧಾರ.