ಸಭಾಶಿಕ್ಷಕರ ಸಮ್ಮೇಳನಕ್ಕೆ ಹೊರಡುವವರಿಗೆ

ಕ್ರೈಸ್ತ ಸಭೆಗಳಲ್ಲಿ ಮಕ್ಕಳಿಗೂ ಯುವಜನರಿಗೂ ಬೋಧಿಸುವವರಿಗಾಗಿ ನಡೆಯುವ ದೊಡ್ಡ ಸಮ್ಮೇಳನವೊಂದಕ್ಕೆ ನಮ್ಮ ಸಭೆಯ ಪರವಾಗಿ ಹೋಗಿ ಬಂದಿದ್ದೇನೆ. ಭಾಷಣಕಾರರ ಹೆಸರು, ವೇಳಾಪಟ್ಟಿ, ನೋಂದಣಿಯ ಕೊನೆಯ ದಿನಾಂಕ ಇವೆಲ್ಲ ಆಹ್ವಾನಪತ್ರದಲ್ಲೇ ಇರುತ್ತವೆ. ಹಣ ಎಲ್ಲಿ ಪೋಲಾಗುತ್ತದೆ, ಕಲಿಯುವಂಥದ್ದು ನಿಜವಾಗಿ ಎಲ್ಲಿ ಸಿಗುತ್ತದೆ ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಭಾನುವಾರ ಶಾಲೆಯ ಶಿಕ್ಷಕರಲ್ಲಿ ಬಹುಪಾಲು ಜನ ಸಂಬಳವಿಲ್ಲದೆ ಸೇವೆ ಮಾಡುವವರು. ಅವರ ಪ್ರಯಾಣದ ವೆಚ್ಚ ಒಂದೋ ಸಭೆಯ ಕಾಣಿಕೆಯಿಂದ ಬರಬೇಕು, ಇಲ್ಲವೇ ಅವರ ಮನೆಯ ಖರ್ಚಿನಿಂದ ಉಳಿಯಬೇಕು. ಆ ಕಾರಣಕ್ಕೆ ಈ ವಿವರಗಳನ್ನು ಹೇಳಲೇಬೇಕು ಅನ್ನಿಸಿತು.

ಮೊದಲು ವಸತಿಯ ವಿಷಯ. ಅಧಿಕೃತ ವಸತಿ ಎಂದು ಸೂಚಿಸಿದ್ದ ಹೋಟೆಲಿನಲ್ಲಿ ಪ್ರತಿನಿಧಿಗಳಿಗೆ ವಿಶೇಷ ದರವಿದೆ ಎಂದು ತಿಳಿಸಲಾಗಿತ್ತು. ಅಲ್ಲಿ ಇಳಿದುಕೊಂಡ ಮೇಲೆ, ಸಮ್ಮೇಳನಕ್ಕೆ ಸಂಬಂಧವೇ ಇಲ್ಲದೆ ಪಕ್ಕದ ಕೊಠಡಿಗೆ ಬಂದಿದ್ದ ಪ್ರಯಾಣಿಕರೊಬ್ಬರು ಅದೇ ಅಳತೆಯ ಕೊಠಡಿಗೆ ನನಗಿಂತ ಕಡಿಮೆ ಕೊಟ್ಟಿದ್ದಾರೆಂದು ಗೊತ್ತಾಯಿತು. ವಿಶೇಷ ದರವನ್ನು ಬಹಳ ಹಿಂದೆಯೇ ನಿಗದಿ ಮಾಡಲಾಗಿದೆ, ಈಗ ಬದಲಿಸಲು ಬರುವುದಿಲ್ಲ, ರದ್ದು ಮಾಡಿದರೆ ಹಣವೂ ಮರಳುವುದಿಲ್ಲ ಎಂಬ ಉತ್ತರ ಬಂತು. ಇಂಥ ದೊಡ್ಡ ಕೂಟಗಳಲ್ಲಿ ಸಂಘಟಕರು ಹೋಟೆಲಿನೊಂದಿಗೆ ಇಂತಿಷ್ಟು ಕೊಠಡಿಗಳನ್ನು ತುಂಬಿಸಿಕೊಡುವುದಾಗಿ ಮುಂಗಡ ಒಪ್ಪಂದ ಮಾಡಿಕೊಳ್ಳುವುದು ಸಾಮಾನ್ಯ. ತುಂಬದೆ ಉಳಿದ ಕೊಠಡಿಗಳ ಹೊರೆ ಅವರ ಮೇಲೆಯೇ ಬೀಳುವುದರಿಂದ ಅದೇ ಹೋಟೆಲಿನಲ್ಲಿ ಉಳಿಯಿರಿ ಎಂದು ಮತ್ತೆ ಮತ್ತೆ ನೆನಪಿಸುತ್ತಾರೆ. ಅವರ ಕಷ್ಟ ಅರ್ಥವಾಗುತ್ತದೆ, ಆದರೆ ಆ ಹೊರೆಯನ್ನು ಸಣ್ಣ ಸಭೆಯ ಶಿಕ್ಷಕಿಯೊಬ್ಬರು ಹೊರಬೇಕಾದ ಅಗತ್ಯವಿಲ್ಲ. ವಿಶೇಷ ದರವನ್ನು ಅದೇ ಹೋಟೆಲಿನ ಸಾಮಾನ್ಯ ದರದೊಂದಿಗೆ ಹೋಲಿಸಿ ನೋಡಿ, ರದ್ದತಿಯ ನಿಯಮವನ್ನು ಬರಹದಲ್ಲಿ ಕೇಳಿ ಪಡೆಯಿರಿ.

ದರಕ್ಕಿಂತ ಹೆಚ್ಚು ಬೇಸರ ತಂದದ್ದು ಬಸ್ಸು. ಹೋಟೆಲಿನಿಂದ ಸಭಾಂಗಣಕ್ಕೆ ಹತ್ತು ನಿಮಿಷದ ದಾರಿ, ಉಚಿತ ಬಸ್ಸಿನ ವ್ಯವಸ್ಥೆ ಇದೆ ಎಂದು ಬರೆದಿತ್ತು. ಆ ಹತ್ತು ನಿಮಿಷ ಖಾಲಿ ರಸ್ತೆಯಲ್ಲಿ ಕಾರು ಓಡಿಸಿದರೆ ಹಿಡಿಯುವ ಸಮಯ. ಬಸ್ಸು ಊರಿನ ಬೇರೆ ಬೇರೆ ಮೂಲೆಗಳಲ್ಲಿದ್ದ ಹೋಟೆಲುಗಳನ್ನೆಲ್ಲ ಸುತ್ತಿ, ಪ್ರತಿಯೊಂದರ ಮುಂದೆಯೂ ತಡವಾಗಿ ಇಳಿದು ಬರುವವರಿಗಾಗಿ ಕಾದು, ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ನಮ್ಮನ್ನು ತಲುಪಿಸುತ್ತಿತ್ತು. ವಯಸ್ಸಾದ ಶಿಕ್ಷಕಿಯರು ಕೈಚೀಲವನ್ನು ಎದೆಗೊತ್ತಿಕೊಂಡು ನಿಂತೇ ಬರುವುದನ್ನು ನೋಡಿ ಸಂಕಟವಾಯಿತು. ಸಂಜೆಯ ಕೊನೆಯ ಬಸ್ಸು ಕೊನೆಯ ಗೋಷ್ಠಿ ಮುಗಿಯುವ ಮುನ್ನವೇ ಹೊರಡುತ್ತಿತ್ತು, ಆದ್ದರಿಂದ ಚರ್ಚೆ ಬಿಸಿಯೇರುವ ಸಮಯಕ್ಕೆ ಅರ್ಧ ಕೊಠಡಿ ಎದ್ದು ಹೋಗುತ್ತಿತ್ತು. ಹಳೆಯದಾದರೂ ಇಕ್ಕಟ್ಟಾದರೂ ಚಿಂತೆಯಿಲ್ಲ, ನಡೆದು ಹೋಗುವಷ್ಟು ಹತ್ತಿರದ ಕೊಠಡಿ ಹಿಡಿಯಿರಿ. ಹತ್ತಿರದಲ್ಲಿ ಕ್ರೈಸ್ತ ಮಠವೋ ಧರ್ಮಶಾಸ್ತ್ರ ಕಾಲೇಜೋ ಇದ್ದರೆ ಅತಿಥಿ ಕೊಠಡಿ ಇದೆಯೇ ಎಂದು ಪತ್ರ ಬರೆದು ಕೇಳುವುದು ಇನ್ನೂ ಒಳ್ಳೆಯದು.

ಊಟದ ವಿಷಯದಲ್ಲಿ ನನ್ನ ಸಲಹೆ ಖಚಿತವಾಗಿದೆ: ಸಭಾಂಗಣದ ಒಳಗಿನ ಊಟದ ಚೀಟಿಯನ್ನು ಮುಂಗಡವಾಗಿ ಕೊಳ್ಳಬೇಡಿ. ಅಲ್ಲಿನ ಸಾಲು ಎಷ್ಟು ಉದ್ದವಿತ್ತೆಂದರೆ, ತಟ್ಟೆ ಕೈಗೆ ಬರುವಷ್ಟರಲ್ಲಿ ಮುಂದಿನ ಕಾರ್ಯಾಗಾರದ ಗಂಟೆ ಬಾರಿಸುತ್ತಿತ್ತು. ಕಟ್ಟಡದ ಹಿಂಬದಿಯ ಬೀದಿಯಲ್ಲಿ, ಸರಕು ಇಳಿಸುವ ಕೆಲಸಗಾರರು ಬರುವ ಒಂದು ಪುಟ್ಟ ಭೋಜನಾಲಯವಿತ್ತು. ಖರ್ಚು ಒಳಗಿನದಕ್ಕಿಂತ ಅರ್ಧಕ್ಕೂ ಕಡಿಮೆ, ಅಡುಗೆ ಬಿಸಿಬಿಸಿ, ಬಡಿಸುವವರ ಕೈ ಧಾರಾಳ. ಒಂಟಿ ಮೇಜುಗಳೇ ಇರಲಿಲ್ಲ. ಉದ್ದನೆಯ ಹಲಗೆಯ ಮೇಜುಗಳಿಗೆ ಬೆಂಚು ಹಾಕಿದ್ದರಿಂದ ಅಪರಿಚಿತರ ಪಕ್ಕದಲ್ಲೇ ಕುಳಿತುಕೊಳ್ಳಬೇಕಾಗುತ್ತಿತ್ತು, ಕೊರಳಿನ ಗುರುತುಚೀಟಿ ನೋಡಿದ ಕೂಡಲೇ ಮಾತು ಆರಂಭವಾಗುತ್ತಿತ್ತು. ಐದು ವರ್ಷದ ಮಗುವಿನಿಂದ ಹನ್ನೆರಡು ವರ್ಷದವರ ತನಕ ಎಲ್ಲರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ ಪಾಠ ಮಾಡುವವರು, ಕಂಠಪಾಠದ ವಾಕ್ಯವನ್ನು ಒಪ್ಪಿಸಲಾಗದೆ ಅಳುವ ಮಗುವನ್ನು ಸಂತೈಸುವ ಬಗೆ ಕಂಡುಕೊಂಡವರು, ದೃಢೀಕರಣದ, ಅಂದರೆ ಹದಿಹರೆಯದವರು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ಸಂಸ್ಕಾರದ, ತರಗತಿ ಮುಗಿದ ಮರುವಾರದಿಂದಲೇ ಹುಡುಗರು ಕಾಣೆಯಾಗುತ್ತಾರೆಂದು ನೊಂದವರು, ಎಲ್ಲರೂ ಆ ಬೆಂಚಿನ ಮೇಲೆ ಸಿಕ್ಕರು. ದೊಡ್ಡ ಮಕ್ಕಳಿಗೆ ಓದುವ ಕೆಲಸ, ಚಿಕ್ಕವರಿಗೆ ಕಥೆಯ ವಸ್ತುಗಳನ್ನು ಎತ್ತಿಕೊಡುವ ಕೆಲಸ ಹಂಚಿ ಇಡೀ ತರಗತಿಯನ್ನು ಒಂದೇ ಪಾಠದಲ್ಲಿ ಹಿಡಿದಿಡುವ ಕ್ರಮವನ್ನು ಒಬ್ಬ ಶಿಕ್ಷಕಿ ಉಣ್ಣುತ್ತಲೇ ವಿವರಿಸಿದರು. ಯಾವ ವೇದಿಕೆಯಿಂದಲೂ ನನಗೆ ಅಷ್ಟು ಉಪಯುಕ್ತವಾದ ಮಾತು ಕೇಳಿಸಲಿಲ್ಲ. ಊಟ ಮುಗಿದ ಮೇಲೂ ಕುಳಿತಿರುತ್ತಿದ್ದ ನಮ್ಮನ್ನು ಭೋಜನಾಲಯದ ಯಜಮಾನರು ಎಬ್ಬಿಸಲಿಲ್ಲ. ಯಾವ ಊರಿಗೆ ಹೋದರೂ ಮೊದಲ ದಿನವೇ ಇಂಥದ್ದೊಂದು ಜಾಗವನ್ನು ಹುಡುಕಿಕೊಳ್ಳಿ.

ಇನ್ನು ಕಾರ್ಯಾಗಾರಗಳು. ಹದಿಹರೆಯದವರ ಕಠಿಣ ಪ್ರಶ್ನೆಗಳಿಗೆ ಉತ್ತರಿಸುವುದು ಹೇಗೆ ಎಂಬ ಶೀರ್ಷಿಕೆ ನೋಡಿ ಬಹಳ ನಿರೀಕ್ಷೆಯಿಂದ ಒಂದು ಕೊಠಡಿಗೆ ಹೋದೆ. ಪ್ರಾರ್ಥನೆಯಾದ ಸ್ವಲ್ಪ ಹೊತ್ತಿಗೇ ಅದು ಒಂದು ಪಠ್ಯಕ್ರಮದ ಮಾರಾಟದ ಪ್ರದರ್ಶನವೆಂಬುದು ಸ್ಪಷ್ಟವಾಯಿತು. ಹುಡುಗರ ಪ್ರಶ್ನೆಗಳ ಬಗ್ಗೆ ಕೇಳಿದಾಗಲೆಲ್ಲ, ಅದಕ್ಕೆ ಎರಡನೆಯ ಸಂಪುಟದಲ್ಲಿ ಉತ್ತರವಿದೆ ಎಂಬ ಮಾತೇ ಬರುತ್ತಿತ್ತು. ಮಳಿಗೆ ಹಾಕಲು ಹಣ ಕೊಟ್ಟ ಪ್ರಕಾಶಕರಿಗೆ ಕಾರ್ಯಾಗಾರದ ಅವಕಾಶವನ್ನೂ ಕೊಡುವ ರೂಢಿ ಇಂಥ ಸಮ್ಮೇಳನಗಳಲ್ಲಿ ಉಂಟು. ಅದನ್ನು ಮರೆಮಾಚದೆ ಹೇಳಿದ್ದರೆ ನನ್ನ ಆಕ್ಷೇಪವಿರುತ್ತಿರಲಿಲ್ಲ. ದೂರದಿಂದ ಬಂದು, ತಮ್ಮ ಮಕ್ಕಳ ಸಂದೇಹಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಕುಳಿತವರಿಗೆ ಅದು ಅನ್ಯಾಯ. ಶೀರ್ಷಿಕೆಯನ್ನು ನೋಡಿ ಕಾರ್ಯಾಗಾರ ಆರಿಸಬೇಡಿ, ನಡೆಸಿಕೊಡುವವರು ಯಾವ ಸಂಸ್ಥೆಯವರು ಎಂಬುದನ್ನು ನೋಡಿ. ವಾರವಾರವೂ ಮಕ್ಕಳ ಮುಂದೆ ನಿಲ್ಲುವವರ ಗೋಷ್ಠಿಗೆ ಮೊದಲ ಆದ್ಯತೆ ಕೊಡಿ.

ಪಠ್ಯಕ್ರಮ ಕೊಳ್ಳುವ ಜವಾಬ್ದಾರಿಯೇ ನಿಮ್ಮದಾಗಿದ್ದರೆ ಮಳಿಗೆಗಳಲ್ಲಿ ಕೆಲವು ಪ್ರಶ್ನೆಗಳನ್ನು ಬಿಡದೆ ಕೇಳಬೇಕು. ಪಾಠಗಳು ಆರಾಧನೆಯ ವಾಚನಪಟ್ಟಿಯನ್ನು, ಅಂದರೆ ಯಾವ ಭಾನುವಾರ ಬೈಬಲಿನ ಯಾವ ಭಾಗ ಓದಬೇಕೆಂಬ ಪಟ್ಟಿಯನ್ನು, ಅನುಸರಿಸುತ್ತವೆಯೇ ಎಂಬುದು ಮೊದಲನೆಯದು. 1992ರಲ್ಲಿ ಪ್ರಕಟವಾದ ಪರಿಷ್ಕೃತ ಸಾಮಾನ್ಯ ವಾಚನಪಟ್ಟಿ ಮೂರು ವರ್ಷಗಳ ಆವರ್ತದ್ದು. ಸುವಾರ್ತೆಗಳಲ್ಲಿ ಮೊದಲ ವರ್ಷ ಮತ್ತಾಯನದು, ಎರಡನೆಯದು ಮಾರ್ಕನದು, ಮೂರನೆಯದು ಲೂಕನದು ಪ್ರಧಾನ, ಯೋಹಾನನ ಭಾಗಗಳು ಇವುಗಳ ನಡುವೆ ಹಂಚಿಕೆಯಾಗಿವೆ. ನಿಮ್ಮ ಸಭಾಪಾಲಕರು ಆ ಪಟ್ಟಿಯಂತೆ ಪ್ರಸಂಗ ಮಾಡುವವರಾದರೆ, ದೊಡ್ಡವರು ಕೇಳಿದ ವಾಕ್ಯಭಾಗವನ್ನೇ ಮಕ್ಕಳೂ ಅದೇ ದಿನ ಕಲಿತು ಮನೆಯಲ್ಲಿ ಒಟ್ಟಿಗೆ ಮಾತನಾಡುವಂತಾಗುತ್ತದೆ. ಬೈಬಲಿನ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ಮನೆಯಲ್ಲಿ ಕೂತಿರುವಾಗಲೂ ದಾರಿ ನಡೆಯುವಾಗಲೂ ಮಕ್ಕಳೊಂದಿಗೆ ಮಾತನಾಡಬೇಕೆನ್ನುವುದು ಇದನ್ನೇ ಅಲ್ಲವೇ. ಪುಟಗಳನ್ನು ನಕಲು ಮಾಡಿ ಹಂಚುವ ಅನುಮತಿ ಒಂದು ವರ್ಷಕ್ಕೆ ಮಾತ್ರವೋ ಶಾಶ್ವತವೋ ಎಂಬುದನ್ನೂ ಕೇಳಿ. ಅಗ್ಗವೆಂದು ಕಂಡದ್ದು ವರ್ಷವರ್ಷವೂ ಹಣ ಕಟ್ಟಿಸಿಕೊಳ್ಳುವಂಥದ್ದಾಗಿರಬಹುದು. ಇವೆಲ್ಲಕ್ಕಿಂತ ಮಿಗಿಲಾಗಿ, ಮಾದರಿಗೆಂದು ಅವರು ಕೊಡುವ ಸುಲಭ ಪಾಠವನ್ನು ಬದಿಗಿಟ್ಟು, ಅಬ್ರಹಾಮನು ಇಸಾಕನನ್ನು ಬಲಿಗೆ ಕರೆದೊಯ್ಯುವ ಆದಿಕಾಂಡ 22ನೆಯ ಅಧ್ಯಾಯದ ಪಾಠ ಇದ್ದರೆ ತೋರಿಸಲು ಹೇಳಿ. ಮಗುವಿನ ಭಯವನ್ನು ಆ ಪಾಠ ಗಮನಕ್ಕೆ ತೆಗೆದುಕೊಂಡಿದೆಯೇ, ಇಲ್ಲ ವಿಧೇಯತೆಯ ನೀತಿ ಹೇಳಿ ಮುಗಿಸಿದೆಯೇ ಎಂಬುದರಲ್ಲಿ ಇಡೀ ಪುಸ್ತಕದ ಗುಣ ತಿಳಿಯುತ್ತದೆ.

ಪ್ರಯಾಣದ ಶ್ರಮ ಸಾರ್ಥಕವಾದದ್ದು ಹೆಚ್ಚು ಜನ ಇಲ್ಲದ ಒಂದು ಕೊಠಡಿಯಲ್ಲಿ. ಜೆರೋಮ್ ಬೆರಿಮನ್ ರೂಪಿಸಿದ ‘ಗಾಡ್ಲಿ ಪ್ಲೇ’ ಎಂಬ ಕಥಾಕ್ರಮದ ಗೋಷ್ಠಿ ಅದು. 1954ರಲ್ಲಿ ರೋಮ್ ನಗರದಲ್ಲಿ ಸೋಫಿಯಾ ಕವಲೆಟ್ಟಿ ಮತ್ತು ಜಾನ್ನಾ ಗೊಬ್ಬಿ ಮಾಂಟೆಸ್ಸೊರಿ ಪದ್ಧತಿಯನ್ನು ಆಧರಿಸಿ ಮಕ್ಕಳ ಧಾರ್ಮಿಕ ಶಿಕ್ಷಣದ ಒಂದು ದಾರಿಯನ್ನು ತೆರೆದರು. ಬೆರಿಮನ್ ಅವರ ಕ್ರಮದ ಬೇರು ಅಲ್ಲಿದೆ. ನಾವು ನೆಲದ ಮೇಲೆ ಅರ್ಧವೃತ್ತವಾಗಿ ಕುಳಿತೆವು. ನಡೆಸಿಕೊಡುವವರು ಮರಳು ತುಂಬಿದ ಅಗಲವಾದ ಪೆಟ್ಟಿಗೆಯನ್ನು ಎಳೆದುಕೊಂಡು ಅಂಗೈಯಿಂದ ಮರಳನ್ನು ನಿಧಾನವಾಗಿ ಸವರಿದರು. ಕಥೆ ಅಬ್ರಹಾಮ ಸಾರಾ ಅವರ ಪ್ರಯಾಣದ್ದು: ನದಿಗಳಿಗಾಗಿ ಎರಡು ನೀಲಿ ನೂಲು, ಊರ್ ಮತ್ತು ಖಾರಾನ್ ಪಟ್ಟಣಗಳಿಗಾಗಿ ಎರಡು ಮರದ ತುಂಡು, ಅಬ್ರಹಾಮ ಸಾರಾ ಇಬ್ಬರಿಗೂ ಮುಖದ ಗೆರೆಗಳಿಲ್ಲದ ಪುಟ್ಟ ಮರದ ಬೊಂಬೆಗಳು. ಬೊಂಬೆಗಳನ್ನು ಒಂದೊಂದೇ ಹೆಜ್ಜೆಯಷ್ಟು ಸರಿಸುತ್ತ ಹೋದಂತೆ ಮರಳಿನಲ್ಲಿ ಹಿಂದಿನ ದಾರಿಯ ಗುರುತು ಉಳಿಯುತ್ತಿತ್ತು. ಕಥೆ ಮುಗಿಯುವ ತನಕ ಅವರು ತಲೆಯೆತ್ತಿ ನಮ್ಮನ್ನು ನೋಡಲಿಲ್ಲ. ಅವರ ಕಣ್ಣು ಮರಳಿನ ಮೇಲಿದ್ದುದರಿಂದ ನಮ್ಮ ಕಣ್ಣೂ ಅಲ್ಲೇ ನೆಟ್ಟಿತು. ಆಮೇಲೆ ಅವರು ಸರಿ ತಪ್ಪು ಎಂಬ ಉತ್ತರವಿಲ್ಲದ ಪ್ರಶ್ನೆಗಳನ್ನು ಕೇಳಿದರು: ಈ ಕಥೆಯಲ್ಲಿ ನಿಮಗೆ ಯಾವ ಭಾಗ ಹೆಚ್ಚು ಇಷ್ಟವಾಗಿರಬಹುದು, ಯಾವುದು ಬಹಳ ಮುಖ್ಯವಿರಬಹುದು, ಇದರಲ್ಲಿ ನೀವು ಎಲ್ಲಿದ್ದೀರಿ. ಉತ್ತರ ಬಾರದಿದ್ದರೂ ಅವರು ಅವಸರಿಸಲಿಲ್ಲ. ಪ್ರಶ್ನೆ ಕೇಳಿ, ಕೈ ಎತ್ತಿದವನಿಂದ ಉತ್ತರ ಪಡೆದು ಮುಂದೆ ಸಾಗುವ ನಮ್ಮ ರೂಢಿಗೆ ಇದು ತೀರ ಬೇರೆಯಾದದ್ದು, ತರಗತಿಯಲ್ಲಿ ಬಾಯಿ ಬಿಡದ ಮಕ್ಕಳಿಗೂ ಇಲ್ಲಿ ಜಾಗವಿದೆ. ದುಬಾರಿ ಸಾಮಗ್ರಿಯೇ ಬೇಕೆಂದಿಲ್ಲ. ಪೆಟ್ಟಿಗೆ, ಶುಭ್ರವಾದ ಮರಳು, ಕಥೆಯನ್ನು ನೋಡದೆ ಹೇಳುವಷ್ಟು ಅಭ್ಯಾಸ ಇದ್ದರೆ ಸಾಕು.

ಮಕ್ಕಳ ಸುರಕ್ಷತೆಯ ಗೋಷ್ಠಿಯನ್ನು ಯಾರೂ ತಪ್ಪಿಸಬಾರದು. ಯಾವ ಮಗುವಿನೊಂದಿಗೂ ಒಬ್ಬರೇ ವಯಸ್ಕರು ಮುಚ್ಚಿದ ಕೊಠಡಿಯಲ್ಲಿ ಇರಕೂಡದು, ಸಂಬಂಧಿಕರಲ್ಲದ ಇಬ್ಬರು ದೊಡ್ಡವರು ಜೊತೆಗಿರಬೇಕು, ಬಾಗಿಲಿಗೆ ಗಾಜಿನ ಕಿಂಡಿ ಇರಬೇಕು ಎಂಬ ನಿಯಮಗಳನ್ನು ಅಲ್ಲಿ ಬಿಡಿಸಿ ಹೇಳಿದರು. ಪರಸ್ಪರ ನಂಬಿಕೆ ಇರುವ ಸಣ್ಣ ಸಭೆಗಳಲ್ಲೇ ಇವನ್ನು ಕಡೆಗಣಿಸುವುದು ಹೆಚ್ಚು.

ದೊಡ್ಡ ಸಭಾಂಗಣದ ಕಾರ್ಯಕ್ರಮಗಳ ಬಗ್ಗೆ ಹೆಚ್ಚು ಹೇಳಲಾರೆ, ಜನಜಂಗುಳಿಯನ್ನೂ ಧ್ವನಿವರ್ಧಕದ ಅಬ್ಬರವನ್ನೂ ಬಹಳ ಹೊತ್ತು ಸಹಿಸುವ ಸ್ವಭಾವ ನನ್ನದಲ್ಲ. ಭಾನುವಾರ ಶಾಲೆಯ ಇತಿಹಾಸದ ಒಂದು ಉಪನ್ಯಾಸ ಮಾತ್ರ ನೆನಪಿನಲ್ಲಿ ಉಳಿದಿದೆ. ರಾಬರ್ಟ್ ರೈಕ್ಸ್ 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ತೆರೆದ ಶಾಲೆ ವಾರವಿಡೀ ದುಡಿಯುತ್ತಿದ್ದ ಬಡಮಕ್ಕಳಿಗೆ ಭಾನುವಾರ ಓದು ಕಲಿಸಿತು. 1874ರಲ್ಲಿ ಲೂಯಿಸ್ ಮಿಲ್ಲರ್ ಮತ್ತು ಜಾನ್ ಹೇಲ್ ವಿನ್ಸೆಂಟ್ ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಸರೋವರದ ದಡದಲ್ಲಿ ಭಾನುವಾರ ಶಾಲೆಯ ಶಿಕ್ಷಕರ ಕೂಟ ನಡೆಸಿ, ಕಲಿಸುವವರೂ ಕಲಿಯಬೇಕು ಎಂಬ ಮಾತಿಗೆ ರೂಪ ಕೊಟ್ಟರು. ಆ ಕೂಟ ನಡೆದ ಜಾಗದಲ್ಲಿ ಪ್ಯಾಲೆಸ್ತೀನ್ ನಾಡಿನ ನಕ್ಷೆಯನ್ನು ನೆಲದ ಮೇಲೆಯೇ ನಿರ್ಮಿಸಿ, ಸರೋವರವನ್ನು ಮೆಡಿಟರೇನಿಯನ್ ಸಮುದ್ರವೆಂದು ಭಾವಿಸಿಕೊಂಡು, ಅದರ ಮೇಲೆ ನಡೆದಾಡುತ್ತ ಭೂಗೋಳ ಕಲಿಯುವ ಏರ್ಪಾಡು ಇದೆ ಎಂದು ಕೇಳಿ ನಮ್ಮ ಚರ್ಚಿನ ಅಂಗಳಕ್ಕೂ ಅಂಥದ್ದು ಬೇಕೆನ್ನಿಸಿತು.

ಸಾಧ್ಯವಾದರೆ ಸಭೆಯಿಂದ ಇಬ್ಬರನ್ನು ಕಳುಹಿಸಿ. ಒಂದೇ ಹೊತ್ತಿಗೆ ಹಲವು ಕಾರ್ಯಾಗಾರಗಳು ನಡೆಯುವುದರಿಂದ ಇಬ್ಬರೂ ಬೇರೆ ಬೇರೆ ಕೊಠಡಿಗೆ ಹೋಗಬಹುದು, ವಸತಿಯ ಖರ್ಚು ಹಂಚಿಹೋಗುತ್ತದೆ, ಮರಳಿ ಬಂದ ಮೇಲೆ ಹೊಸ ಕ್ರಮವನ್ನು ಸಭೆಯವರಿಗೆ ಒಪ್ಪಿಸುವಾಗ ಒಬ್ಬರ ಮಾತಿಗೆ ಇನ್ನೊಬ್ಬರ ಬೆಂಬಲವಿರುತ್ತದೆ. ಹಿಂದಿರುಗುವ ಪ್ರಯಾಣವನ್ನು ಮುಕ್ತಾಯದ ಆರಾಧನೆಯ ವೇಳೆಗೆ ಕಾದಿರಿಸಬೇಡಿ, ಅದು ಮುದ್ರಿತ ಸಮಯಕ್ಕಿಂತ ತಡವಾಗಿ ಮುಗಿಯಿತು. ಕೊನೆಯ ದಿನ ಮಳಿಗೆ ಕಟ್ಟುವ ಹೊತ್ತಿಗೆ ಪ್ರದರ್ಶನಕ್ಕಿಟ್ಟ ಪ್ರತಿಗಳನ್ನು ಹೊತ್ತೊಯ್ಯಲು ಮನಸ್ಸಿಲ್ಲದ ಮಾರಾಟಗಾರರು ಬೆಲೆ ಇಳಿಸುತ್ತಾರೆ. ಚಿತ್ರಗಳು, ನಕ್ಷೆಗಳು, ಶಿಕ್ಷಕರ ಕೈಪಿಡಿಗಳು ಬೇಕಿದ್ದರೆ ಅಲ್ಲಿಯವರೆಗೆ ಕಾಯಿರಿ, ಪೆಟ್ಟಿಗೆಯಲ್ಲಿ ಅವಕ್ಕೆ ಜಾಗವನ್ನೂ ಬಿಟ್ಟುಕೊಂಡು ಹೋಗಿ.