ಮೋಟರ್ ತೆಗೆದ ಎಂಜಿನ್‌ಗೆ ಸದ್ದು ಕೂರಿಸುವ ಕೆಲಸ

ಮೈಸೂರಿನ ಅಶೋಕಪುರಂ ಕಡೆ ನಮ್ಮದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಶಾಲೆಗಳಿಗೆ, ವಸ್ತುಪ್ರದರ್ಶನಗಳಿಗೆ ಮಾಡೆಲ್ ಮಾಡಿಕೊಡುತ್ತೇವೆ. ಆಗಾಗ ಮಾಡೆಲ್ ರೈಲುಗಳೂ ರಿಪೇರಿಗೆ ಬರುತ್ತವೆ. ಈಚೆಗೆ ಬಂದ ಒಂದು ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೆ ಕೈ ಹಾಕಿದವರು ಜಾಸ್ತಿ ಜನ ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ.

ಗಿರಾಕಿ ನಿವೃತ್ತ ಲೋಕೋ ಪೈಲಟ್. ಸಕಲೇಶಪುರ ಘಾಟಿಯಲ್ಲಿ ಗೂಡ್ಸ್ ಗಾಡಿ ಓಡಿಸಿದವರು. ಅಲ್ಲಿ ಏರು 50ಕ್ಕೆ 1, ಅಂದರೆ 50 ಅಡಿ ಸಾಗಿದರೆ 1 ಅಡಿ ಮೇಲೆ. ಒಂದು ಎಂಜಿನ್ ಸಾಲುವುದಿಲ್ಲ. ಅವರ ಹತ್ತಿರ ಎಚ್‌ಒ ಅಳತೆಯ ಎರಡು ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ ಮಾಡೆಲ್‌ಗಳಿದ್ದವು. ಅಸಲಿ ಎಂಜಿನ್ನಿನ 87ನೇ ಒಂದು ಪಾಲು. ಒಂದು ಚೆನ್ನಾಗಿ ಓಡುತ್ತಿತ್ತು. ಇನ್ನೊಂದರ ಪ್ಲಾಸ್ಟಿಕ್ ಗೇರುಗಳು ಸೀಳಿದ್ದವು, ಬದಲಿ ಗೇರು ಎಲ್ಲೂ ಸಿಗಲಿಲ್ಲ. "ಎಳೀದಿದ್ರೂ ಪರವಾಗಿಲ್ಲ, ಸದ್ದು ಮಾತ್ರ ಆಲ್ಕೋದೇ ಬರಬೇಕು" ಅಂದರು. ಆಲ್ಕೋ ಅಂದರೆ ಅಸಲಿ ಡಬ್ಲ್ಯೂಡಿಎಂ-2ರ ವಿನ್ಯಾಸ ಮಾಡಿದ ಅಮೆರಿಕದ ಕಂಪನಿ. ಅವರ ಆಸೆ ನನಗೆ ಅರ್ಥವಾಯಿತು. 16 ಸಿಲಿಂಡರಿನ ಆ ಸದ್ದು ಕೇಳುತ್ತಾ ಬೆಳೆದವರು ಮೈಸೂರಿನಲ್ಲಿ ಎಷ್ಟೋ ಜನ. ಈಗ ಬೆಂಗಳೂರಿನ ಲೈನ್ ಪೂರ್ತಿ ಕರೆಂಟಿನದು.

ಕೆಟ್ಟ ಎಂಜಿನ್ನಿನ ಮೋಟರ್ ತೆಗೆದು ಸದ್ದು ಮಾತ್ರ ಕೂರಿಸುವುದು, ಓಡುವ ಎಂಜಿನ್ ಅದನ್ನು ಎಳೆಯುವುದು ಅಂತ ತೀರ್ಮಾನಿಸಿದೆವು. ಮೊದಲು ಗೇರುಗಳನ್ನು ತೆಗೆಯಬೇಕು. ಮೋಟರ್ ಒಂದನ್ನೇ ತೆಗೆದು ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರು) ಹಾಗೇ ಬಿಟ್ಟರೆ ಎಂಜಿನ್ ಜರುಗುವುದೇ ಇಲ್ಲ. ವರ್ಮ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ವರ್ಮನ್ನು ತಿರುಗಿಸಲಾರದು. ಹಾಗಾಗಿ ಎರಡೂ ಬೋಗಿಗಳ, ಅಂದರೆ ಎಂಜಿನ್ ಅಡಿಯ ಚಕ್ರದ ಚೌಕಟ್ಟುಗಳ, ವರ್ಮ್ ತೆಗೆದೆವು. ಚಕ್ರಗಳಿಂದ ಕರೆಂಟ್ ತರುವ ಪಟ್ಟಿಗಳನ್ನು ಮಾತ್ರ ಮುಟ್ಟಲಿಲ್ಲ. 12 ಚಕ್ರಗಳೂ ಕರೆಂಟ್ ತರಬೇಕು, ಇಲ್ಲದಿದ್ದರೆ ಹಳಿ ಕವಲೊಡೆಯುವ ಪಾಯಿಂಟ್ಸ್ ಮೇಲೆ ಸದ್ದು ತುಂಡಾಗುತ್ತದೆ. ತೂಕವನ್ನೂ ಪೂರ್ತಿ ತೆಗೆಯಬಾರದು. ಹಗುರಾದರೆ ಚಕ್ರ ಹಳಿಯನ್ನು ಸರಿಯಾಗಿ ಒತ್ತುವುದಿಲ್ಲ.

ಜನ ನಿಂತುಬಿಡುವುದು ಇದರ ಮುಂದಿನ ಹಂತದಲ್ಲಿ. ಆದೇಶ ಓದಿ ಮೋಟರ್, ಸದ್ದು ನಡೆಸುವ ಚಿಪ್ಪು, ಅಂದರೆ ಸೌಂಡ್ ಡಿಕೋಡರ್ ಕೂರಿಸುತ್ತಾರೆ, ಸೆಟ್ಟಿಂಗ್ ಬರೆಯಲು ಮೀಸಲಾದ ಪ್ರೋಗ್ರಾಮಿಂಗ್ ಹಳಿಯ ಮೇಲೆ ಎಂಜಿನ್ ಇಡುತ್ತಾರೆ, ಅದಕ್ಕೆ ವಿಳಾಸ (ಎಂಜಿನ್ ಗುರುತಿಸುವ ಸಂಖ್ಯೆ) ಕೊಡಲು ಹೋಗುತ್ತಾರೆ. ಪರದೆಯ ಮೇಲೆ ಎರರ್. ಡಿಕೋಡರ್ ಸುಟ್ಟಿದೆ ಅಂದುಕೊಂಡು ಇನ್ನೊಂದನ್ನು ತರಿಸುತ್ತಾರೆ. ಅದೂ ಎರರ್.

ಡಿಕೋಡರ್ ಸರಿಯಾಗಿಯೇ ಇರುತ್ತದೆ. ಅದಕ್ಕೆ ಉತ್ತರ ಕೊಡಲು ದಾರಿ ಇಲ್ಲ, ಅಷ್ಟೇ. ಡಿಸಿಸಿ, ಅಂದರೆ ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿಯಲ್ಲಿ, ಪ್ರೋಗ್ರಾಮಿಂಗ್ ಹಳಿಯ ಮೇಲೆ ಡಿಕೋಡರ್ "ಹೂಂ, ತಗೊಂಡೆ" ಅನ್ನುವುದು ಮೋಟರಿನ ಮೂಲಕ. ಸುಮಾರು 6 ಮಿಲಿಸೆಕೆಂಡ್ ಕಾಲ ಮೋಟರಿಗೆ ಕರೆಂಟ್ ಬಿಟ್ಟು, ಕನಿಷ್ಠ 60 ಮಿಲಿಆಂಪ್ ಜಾಸ್ತಿ ಎಳೆದು ತೋರಿಸುತ್ತದೆ. ಅದನ್ನು ನೋಡಿ ಆದೇಶ ಕಳಿಸುವ ಪೆಟ್ಟಿಗೆ, ಅಂದರೆ ಕಮಾಂಡ್ ಸ್ಟೇಷನ್, ಸರಿ ಅನ್ನುತ್ತದೆ. ಮೋಟರೇ ಇಲ್ಲದಿದ್ದರೆ ಎಳೆದು ತೋರಿಸುವುದು ಹೇಗೆ ಅಲ್ವಾ?

ನಾವು ಮೋಟರಿನ ಎರಡು ವೈರುಗಳ ನಡುವೆ, ಅಂದರೆ ಕಿತ್ತಳೆ ಮತ್ತು ಬೂದು ಬಣ್ಣದ ವೈರುಗಳ ನಡುವೆ, 100 ಓಮ್‌ನ ರೆಸಿಸ್ಟರ್ ಕ್ಲಿಪ್ ಹಾಕಿ ಸಿಕ್ಕಿಸುತ್ತೇವೆ. ವಿಳಾಸ ತಕ್ಷಣ ಕೂರುತ್ತದೆ. ಪ್ರೋಗ್ರಾಮಿಂಗ್ ಮುಗಿದ ಕೂಡಲೇ ಅದನ್ನು ತೆಗೆದುಬಿಡಿ. ಸುಮ್ನೆ ಒಳಗೇ ಇರಲಿ ಅಂತ ಬೆಸುಗೆ ಹಾಕಿಬಿಟ್ಟರೆ, 12 ವೋಲ್ಟ್ ಪೂರ್ತಿ ಹೋದಾಗ ಅದರಲ್ಲಿ 1.44 ವ್ಯಾಟ್ ಶಾಖ ಏಳುತ್ತದೆ. ಸಣ್ಣ ರೆಸಿಸ್ಟರ್ ಅದನ್ನು ತಡೆಯುವುದಿಲ್ಲ, ಪಕ್ಕದ ಪ್ಲಾಸ್ಟಿಕ್ ಬಾಡಿಯೂ ತಡೆಯುವುದಿಲ್ಲ. ತೆಗೆದ ಮೇಲೆ ಎರಡೂ ವೈರುಗಳ ತುದಿಗೆ ಬೇರೆ ಬೇರೆ ಸ್ಲೀವ್ ಹಾಕಿ. ಒಂದಕ್ಕೊಂದು ತಾಗಿದರೆ ಡಿಕೋಡರ್ ನಿಜವಾಗಿಯೂ ಹೋಗಬಹುದು.

ಮೋಟರಿಗೆ ಇನ್ನೊಂದು ಕೆಲಸವೂ ಇರುತ್ತದೆ. ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಅದು ಡಿಕೋಡರಿಗೆ ವೋಲ್ಟೇಜ್ ರೂಪದಲ್ಲಿ ವಾಪಸ್ ಹೇಳುತ್ತದೆ. ಇದೇ ಬ್ಯಾಕ್ ಇಎಂಎಫ್. ಮೋಟರ್ ಇಲ್ಲದ ಎಂಜಿನ್‌ನಲ್ಲಿ ಇದನ್ನು ಆಫ್ ಮಾಡಬೇಕು. ಡಿಕೋಡರ್‌ನ ಸಂಖ್ಯೆ ಹಾಕಿದ ಒಂದೊಂದು ಸೆಟ್ಟಿಂಗಿಗೂ ಸಿವಿ ಅನ್ನುತ್ತಾರೆ. ಲೋಕ್‌ಸೌಂಡ್ ಹೆಸರಿನ ಡಿಕೋಡರ್‌ನಲ್ಲಾದರೆ ಸಿವಿ 49ರ ಬಿಟ್ 0 (ಅದರ ಮೊದಲ ಸ್ವಿಚ್ ಇದ್ದ ಹಾಗೆ) ಸೊನ್ನೆ ಮಾಡಿದರೆ ಸಾಕು.

ಇಷ್ಟೆಲ್ಲಾ ತೆಗೆದದ್ದಕ್ಕೆ ಸಿಗುವ ಲಾಭವೆಂದರೆ ಜಾಗ. ಮೋಟರ್, ಫ್ಲೈವೀಲ್ ಇದ್ದ ಕಡೆ ದೊಡ್ಡ ಸ್ಪೀಕರ್ ಕೂರುತ್ತದೆ. ಓಡುವ ಎಂಜಿನ್‌ನಲ್ಲಿ ಈ ಭಾಗ್ಯವಿಲ್ಲ. ಆದರೆ ಸ್ಪೀಕರಿಗೆ ಡಬ್ಬಿ ಬೇಕೇ ಬೇಕು. ನಮ್ಮ ಹೊಸ ಹುಡುಗನಿಗೆ ಇದನ್ನು ಮೇಜಿನ ಮೇಲೇ ತೋರಿಸಿದೆ. ಬರೀ ಸ್ಪೀಕರ್ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿದರೆ ಸೊಳ್ಳೆ ಕೂಗಿದ ಹಾಗಿತ್ತು. ಡಬ್ಬಿಗೆ ಕೂರಿಸಿದಾಗ ಸ್ವಲ್ಪ ಮೇಲಾಯಿತು. ವೈರ್ ಬರುವ ತೂತಿಗೆ ಪುಟ್ಟಿ ಒತ್ತಿದ ಕೂಡಲೇ ತಗ್ಗಿನ ದನಿ ಬಂದು ಮೇಜು ಅದುರಿತು. ಸ್ಪೀಕರಿನ ಹಿಂದಿನ ಗಾಳಿ ಮುಂದಕ್ಕೆ ನುಸುಳಿದರೆ ಎರಡೂ ಸೇರಿ ಒಂದನ್ನೊಂದು ಕೊಲ್ಲುತ್ತವೆ. ಹುಡುಗ ಪುಟ್ಟಿ ತೆಗೆದು ಮತ್ತೆ ಒತ್ತಿ, ತಾನೇ ಕೇಳಿ ನೋಡಿದ.

ಎರಡೂ ಎಂಜಿನ್ ಜೋಡಿಸಿ, ಒಂದೇ ವಿಳಾಸ ಕೊಟ್ಟು ಓಡಿಸಿದೆವು. ಹಿರಿಯರು ಕಣ್ಣು ಮುಚ್ಚಿ ಕೇಳಿದರು. "ಸದ್ದು ಸರಿ ಇದೆ, ಹೊತ್ತು ಸರಿ ಇಲ್ಲ" ಅಂದರು. ಅಸಲಿ ಎಂಜಿನ್‌ನಲ್ಲಿ ಶಕ್ತಿ ಏರಿಸುವ ಹಿಡಿಗೆ 8 ನಾಚ್, ಅಂದರೆ 8 ಮೆಟ್ಟಿಲು. ನಾಚ್ ಏರಿಸಿದರೆ ಮೊದಲು ಎಂಜಿನ್ ಕೂಗುತ್ತದೆ. ಹಿಂದಿರುವ ಅಷ್ಟುದ್ದದ ಗಾಡಿ ಆಮೇಲೆ ಅಲುಗುತ್ತದೆ. ನಮ್ಮದರಲ್ಲಿ ಎರಡೂ ಒಟ್ಟಿಗೇ ಆಗುತ್ತಿದ್ದವು. ಇಂಥ ತಿದ್ದುಪಡಿ ಯಾವ ಕೈಪಿಡಿಯಿಂದಲೂ ಸಿಗುವುದಿಲ್ಲ, ಆ ಹಿಡಿ ಹಿಡಿದ ಕೈಯಿಂದಲೇ ಬರಬೇಕು. ಎಳೆಯುವ ಎಂಜಿನ್ನಿನ ಸಿವಿ 3 ಹೆಚ್ಚಿಸಿದೆ, ಅದು ನಿಧಾನವಾಗಿ ವೇಗ ಪಡೆಯುವ ಹಾಗೆ. ಸದ್ದಿನ ಎಂಜಿನ್ನಿನದು ಕಡಿಮೆಯೇ ಇಟ್ಟೆ. ಈಗ ಸದ್ದು ಮುಂದೆ, ಗಾಡಿ ಹಿಂದೆ. ಅವರು ಒಪ್ಪಿದರು.

ತೆಗೆದ ಮೋಟರ್, ವರ್ಮ್, ಸ್ಕ್ರೂಗಳನ್ನೆಲ್ಲಾ ಒಂದು ಕವರಿಗೆ ಹಾಕಿ, ಯಾವುದು ಎಲ್ಲಿಯದು ಅಂತ ಬರೆದು ಅವರಿಗೇ ಕೊಟ್ಟೆವು. ಕಿತ್ತಳೆ, ಬೂದು ವೈರುಗಳನ್ನು ಮೊಟಕು ಮಾಡಿಲ್ಲ. ಮುಂದೆ ಗೇರು ಸಿಕ್ಕರೆ ಮತ್ತೆ ಮೋಟರ್ ಹಾಕಬಹುದು. ಸ್ಪೀಕರ್ ಮಾತ್ರ ಆಗ ಚಿಕ್ಕದಾಗುತ್ತದೆ ಅಂತ ಮೊದಲೇ ಹೇಳಿದ್ದೇನೆ.